ಹಳೇ ಚೈನ್ ಸಾ ಕಾದು ನಿಲ್ಲುತ್ತಿದೆಯೇ? ಸ್ಕ್ರೂ ತಿರುಗಿಸುವ ಮೊದಲು ಇಷ್ಟು ನೋಡಿ

ಮರಗಸಿ (ತೋಟದ ಮರಗಳ ಕೊಂಬೆ ಸವರುವ ಕೆಲಸ) ಶುರುವಾಗುವ ಹೊತ್ತಿಗೆ ನಮ್ಮ ಜಗಲಿಗೆ ಒಂದೊಂದೇ ಮಿಷನ್ ಬಂದು ಕೂರುತ್ತದೆ. ತಂದವರೆಲ್ಲ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಅರ್ಧ ಟ್ಯಾಂಕ್ ಚೆನ್ನಾಗಿ ಓಡತ್ತೆ, ಆಮೇಲೆ ಕಾದು ಆಫ್ ಆಗತ್ತೆ. ತಣ್ಣಗಾದ್ಮೇಲೆ ಮತ್ತೆ ಸ್ಟಾರ್ಟ್ ಆಗತ್ತೆ." ಬಗ್ಗಿ, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್ ನೋಡಿದರೆ ಸ್ಕ್ರೂಗಳ ತಲೆ ಆಗಲೇ ಸವೆದಿರುತ್ತದೆ. ಅಂದರೆ ಇಲ್ಲಿಗೆ ಬರುವ ಮೊದಲೇ ನಾಲ್ಕು ಜನ ತಿರುಗಿಸಿ ನೋಡಿದ್ದಾರೆ.

ತಪ್ಪಾಗುವುದು ಅಲ್ಲೇ. ಸ್ಕ್ರೂ ಕೊನೆಯ ಕೆಲಸ, ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ. ಇಂಧನದ ಫಿಲ್ಟರ್ ಕಟ್ಟಿಕೊಂಡಿದ್ದಾಗ ಸ್ಕ್ರೂ ಬಿಚ್ಚಿ ಸರಿಮಾಡಿದೆ ಅಂದುಕೊಂಡರೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಮೂರನೇ ಸಲಕ್ಕೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್ ಗೋಡೆಗೆ ಕಚ್ಚಿ ನಿಂತುಬಿಡುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸುಲಭದ್ದು, ಖರ್ಚಿಲ್ಲದ್ದು ಮೊದಲು. ಬಿಚ್ಚುವ ಕೆಲಸ ಆಮೇಲೆ.

## ಕೈಗೆ ಬೇಕಾದ ಸಾಮಾನು

ಮಿಷನ್ ಜೊತೆ ಬಂದ ಪ್ಲಗ್ ಸ್ಪ್ಯಾನರ್, ಅದರ ಸ್ಕ್ರೂಗಳಿಗೆ ಹೊಂದುವ ಟಾರ್ಕ್ಸ್ ಅಥವಾ ಅಲೆನ್ ಕೀ, ಸಣ್ಣ ಸ್ಕ್ರೂ ಡ್ರೈವರ್, ಹಳೇ ಹಲ್ಲುಜ್ಜುವ ಬ್ರಶ್, ತಂತಿ ಬ್ರಶ್, ಚೂಪು ಮಾಡಿದ ಬಿದಿರು ಕಡ್ಡಿ, ಸಣ್ಣ ಟಾರ್ಚ್, ಚೈನಿಗೆ ಹೊಂದುವ ದುಂಡು ಅರ, ಒಂದು ಚಪ್ಪಟೆ ಅರ, ಮೆಡಿಕಲ್ ಶಾಪಿನ ದೊಡ್ಡ ಸಿರಿಂಜ್, ಒಂದು ಪಾರದರ್ಶಕ ಗಾಜಿನ ಬಾಟಲಿ. ಹೊಸ ಪ್ಲಗ್ ಮತ್ತು ಹೊಸ ಇಂಧನ ಫಿಲ್ಟರ್ ಮೊದಲೇ ತಂದಿಟ್ಟುಕೊಳ್ಳಿ. ಎರಡೂ ಜಾಸ್ತಿ ದುಡ್ಡಿನದ್ದಲ್ಲ. ತಣ್ಣಗಿರುವ ಮಿಷನ್ ಬಿಚ್ಚಿ ಕೂತ ಮೇಲೆ ಪೇಟೆಗೆ ಓಡುವುದು ತಪ್ಪುತ್ತದೆ.

ಏನೇ ಬಿಚ್ಚುವ ಮೊದಲು ಮಿಷನ್ ಪೂರ್ತಿ ತಣ್ಣಗಾಗಲಿ. ಪ್ಲಗ್ಗಿನ ಕ್ಯಾಪ್ ಕಿತ್ತು ಪಕ್ಕಕ್ಕಿಡಿ. ಚೈನ್ ಮುಟ್ಟುವಾಗ ದಪ್ಪ ಕೈಗವಸು ಇರಲಿ. ಬಿಸಿ ಮಿಷನ್ನಿನ ಪೆಟ್ರೋಲ್ ಮುಚ್ಚಳ ತೆಗೆಯಲೇಬೇಡಿ. ಟ್ಯಾಂಕಿನಲ್ಲಿ ಕಟ್ಟಿಕೊಂಡ ಒತ್ತಡಕ್ಕೆ ಪೆಟ್ರೋಲ್ ಚಿಮ್ಮಿ ಕಾದ ಸೈಲೆನ್ಸರ್ ಮೇಲೆ ಬಿದ್ದರೆ ಬೆಂಕಿಯೇ.

ಇನ್ನೊಂದು ಮಾತು. ಕಾದ ಎಂಜಿನ್ ಮೇಲೆ ನೀರು ಸುರಿಯಬೇಡಿ. ಕೆಲವರು ಬೇಗ ತಣ್ಣಗಾಗಲಿ ಅಂತ ಹಸಿ ಗೋಣಿ ಹೊದಿಸುತ್ತಾರೆ, ಅದೂ ಬೇಡ. ಸಿಲಿಂಡರ್ ಒಂದೇ ಕಡೆ ಗಕ್ಕನೆ ತಣ್ಣಗಾದರೆ ಲೋಹ ಸೊಟ್ಟಗಾಗುತ್ತದೆ, ಬಿರುಕೂ ಬಿಡಬಹುದು.

## ಹಂತ 1: ಕಾಯುತ್ತಿರುವುದು ಎಲ್ಲಿ?

"ಮಿಷನ್ ಕಾಯುತ್ತೆ" ಅಂದರೆ ಸಾಲದು. ಚೈನ್ ಸಾ ಕಾಯುವ ಜಾಗ ಮೂರು: ಚೈನ್ ಸುತ್ತುವ ಮುಂದಿನ ಉದ್ದ ಪಟ್ಟಿ, ಅಂದರೆ ಬಾರ್, ಪಕ್ಕದ ಕ್ಲಚ್, ನಡುವಿನ ಎಂಜಿನ್. ಮೂರಕ್ಕೂ ಕಾರಣ ಬೇರೆ, ಮದ್ದು ಬೇರೆ.

ಬಾರ್ ಕಾಯುತ್ತಿದ್ದರೆ ಮರ ಕೊಯ್ಯುವ ಜಾಗದಿಂದಲೇ ಹೊಗೆ ಬರುತ್ತದೆ. ಸುಟ್ಟ ಮರದ ವಾಸನೆ. ಬಾರಿನ ಅಂಚು ನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಕ್ಲಚ್ ಕಾಯುತ್ತಿದ್ದರೆ ಪಕ್ಕದ ಮುಚ್ಚಳದೊಳಗಿನಿಂದ ಹೊಗೆ, ಸುಟ್ಟ ಪ್ಲಾಸ್ಟಿಕ್ ವಾಸನೆ. ಎಂಜಿನ್ ಕಾಯುತ್ತಿದ್ದರೆ ಹೊಗೆ ಕಾಣುವುದಿಲ್ಲ. ಮೊದಲು ಶಕ್ತಿ ಇಳಿಯುತ್ತದೆ, ಆಮೇಲೆ ಸದ್ದು ಕೀಚಲಾಗುತ್ತದೆ, ಕೊನೆಗೆ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಸ್ಟಾರ್ಟರ್ ಹಗ್ಗ ಎಳೆದರೆ ಎಂದಿಗಿಂತ ಬಿಗಿ ಅನಿಸಿದರೆ ಎಚ್ಚರ. ಪಿಸ್ಟನ್ ಗೋಡೆಗೆ ಕಚ್ಚಲು ಶುರುವಾಗಿದೆ. ಇನ್ನೊಮ್ಮೆ ಎಳೆಯಬೇಡಿ.

ಯಾವುದು ಅಂತ ಗೊತ್ತಾದರೂ ಹಂತ 2ರಿಂದಲೇ ಶುರು ಮಾಡಿ. ಮೊಂಡು ಚೈನ್ ಇಟ್ಟುಕೊಂಡು ಎಂಜಿನ್ ಸರಿಮಾಡಲು ಆಗುವುದಿಲ್ಲ.

## ಹಂತ 2: ಚೈನ್ ಮತ್ತು ಬಾರ್

ನೆಲದ ಮೇಲೆ ಬಿದ್ದ ಪುಡಿ ನೋಡಿ. ಹರಿತವಾದ ಚೈನ್ ಅಕ್ಕಿ ಕಾಳಿನಂಥ ಚಕ್ಕೆ ಉದುರಿಸುತ್ತದೆ. ಮೊಂಡಾಗಿದ್ದರೆ ರವೆಯಂಥ, ಹಿಟ್ಟಿನಂಥ ಪುಡಿ. ಹರಿತ ಇದ್ದಾಗ ಮಿಷನ್ ತನ್ನ ಭಾರಕ್ಕೇ ಇಳಿಯುತ್ತದೆ. ನೀವು ಹಿಡಿಕೆ ಒತ್ತಬೇಕಾಗಿ ಬಂದರೆ ಆ ಒತ್ತಡವೆಲ್ಲ ಎಂಜಿನ್ ಮೇಲೆ ಬೀಳುತ್ತಿದೆ ಅಂತ ಅರ್ಥ. ಒಣಗಿದ ಹುಣಸೆ, ಹಳೇ ಅಕೇಶಿಯಾ ಕೊಯ್ಯುವಾಗ ಇದು ಬೇಗ ಗೊತ್ತಾಗುತ್ತದೆ. ಹಸಿ ಹಾಲವಾಣದಲ್ಲಿ ಮೊಂಡು ಚೈನೂ ಓಡಿಬಿಡುತ್ತದೆ, ಮೋಸ ಹೋಗಬೇಡಿ.

ಅರ ಹಾಕುವಾಗ ಚೈನಿನ ಅಳತೆಗೆ ತಕ್ಕ ಅರವನ್ನೇ ಬಳಸಿ. .325 ಪಿಚ್ (ಚೈನಿನ ಕೊಂಡಿಗಳ ಅಂತರದ ಅಳತೆ, ಅಂಗುಲದಲ್ಲಿ) ಚೈನಿಗೆ ಸಾಮಾನ್ಯವಾಗಿ 4.8 ಮಿ.ಮೀ. ದುಂಡು ಅರ. ಸಣ್ಣ ಮಿಷನ್‌ಗಳ ಕುಳ್ಳ 3/8 ಚೈನಿಗೆ 4 ಮಿ.ಮೀ. ಒಂದು ದಿಕ್ಕಿಗೆ ಮಾತ್ರ ತಳ್ಳಿ, ಹಿಂದಕ್ಕೆ ಉಜ್ಜಬೇಡಿ. ಎಲ್ಲ ಹಲ್ಲೂ ಒಂದೇ ಉದ್ದಕ್ಕೆ ಬರಬೇಕು. ಒಂದು ಪಕ್ಕದ್ದು ಉದ್ದ, ಇನ್ನೊಂದು ಪಕ್ಕದ್ದು ಗಿಡ್ಡ ಆದರೆ ಬಾರ್ ಮರದೊಳಗೆ ಒಂದು ಕಡೆಗೆ ಎಳೆಯುತ್ತದೆ. ಉಜ್ಜಾಟ ಜಾಸ್ತಿಯಾಗಿ ಕಾಯುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ಹಲ್ಲಿನ ಮುಂದಿರುವ ಗುಬ್ಬಿಯನ್ನೂ ಚಪ್ಪಟೆ ಅರದಿಂದ ಸ್ವಲ್ಪ ಇಳಿಸಬೇಕು. ಹಲ್ಲಿನ ತುದಿಗಿಂತ ಗುಬ್ಬಿ ಸುಮಾರು 0.65 ಮಿ.ಮೀ. ತಗ್ಗಿನಲ್ಲಿದ್ದರೆ ಸಾಕು. "ಇನ್ನೂ ಇಳಿಸಿದ್ರೆ ಇನ್ನೂ ಚೆನ್ನಾಗಿ ಕಚ್ಚತ್ತೆ" ಅಂತ ಇಳಿಸಿದವರ ಮಿಷನ್ ಕೈಯಲ್ಲಿ ಹಾರುತ್ತದೆ.

ಈಗ ಬಾರ್ ಆಯಿಲ್. ಇದಕ್ಕೊಂದು ಸುಲಭದ ಲೆಕ್ಕವಿದೆ. ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವ ಹೊತ್ತಿಗೆ ಬಾರ್ ಆಯಿಲ್ ಟ್ಯಾಂಕೂ ಬಹುಪಾಲು ಖಾಲಿಯಾಗಿರಬೇಕು. ಪೆಟ್ರೋಲ್ ಮುಗಿದಿದೆ, ಆಯಿಲ್ ಇನ್ನೂ ಮುಕ್ಕಾಲು ಇದೆ ಅಂದರೆ ಅದು ಚೈನಿಗೆ ಹೋಗಿಯೇ ಇಲ್ಲ. ಖಾತ್ರಿಯಾಗಬೇಕಾ? ಮಿಷನ್ ಚಾಲೂ ಮಾಡಿ ಬಾರಿನ ತುದಿಯನ್ನು ಆಗಷ್ಟೇ ಕೊಯ್ದ ಬಿಳಿ ಬೊಡ್ಡೆಯ ಮೇಲೆ ಒಂದು ಗೇಣು ಎತ್ತರಕ್ಕೆ ಹಿಡಿದು ಆಕ್ಸಲರೇಟರ್ ಕೊಡಿ. ಸ್ವಲ್ಪ ಹೊತ್ತಿಗೆ ಬೊಡ್ಡೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಬಾರ್ ಬಿಚ್ಚಿ. ಅದರ ಬುಡದಲ್ಲಿರುವ ಸಣ್ಣ ಎಣ್ಣೆ ತೂತು ಮತ್ತು ಅಂಚಿನ ಸಂದು, ಎರಡನ್ನೂ ತೆಳ್ಳನೆಯ ತಗಡಿನ ಚೂರಿನಿಂದ ಕೆರೆದು ತೆಗೆಯಿರಿ. ಹತ್ತರಲ್ಲಿ ಎಂಟು ಮಿಷನ್‌ನಲ್ಲಿ ಇಷ್ಟೇ ಇರುತ್ತದೆ. ತೂತು ಚೊಕ್ಕಟವಾಗಿದ್ದೂ ಎಣ್ಣೆ ಬರದಿದ್ದರೆ ಒಳಗಿನ ಪಂಪ್ ಅಥವಾ ಅದನ್ನು ತಿರುಗಿಸುವ ಪ್ಲಾಸ್ಟಿಕ್ ಹಲ್ಲು ಹೋಗಿದೆ.

ನಮ್ಮ ಕಡೆ ಬೈಕಿನಿಂದ, ಜೀಪಿನಿಂದ ಇಳಿಸಿದ ಕಪ್ಪು ಆಯಿಲನ್ನೇ ಬಾರಿಗೆ ಹಾಕುವ ಅಭ್ಯಾಸ ಇದೆ. ನಾನೂ ಹಾಕುತ್ತಿದ್ದೆ. ಅದರಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ಪಂಪಿಗೂ ಬಾರಿಗೂ ಅರ ಹಾಕಿದ ಹಾಗೆ. ಮೈಮೇಲೆ ಹಾರುವುದು ಚರ್ಮಕ್ಕೂ ಒಳ್ಳೆಯದಲ್ಲ. ಬಾರ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ.

ಚೈನಿನ ಬಿಗಿ ನೋಡುವುದು ಹೀಗೆ: ಬಾರಿನ ಕೆಳಗೆ ಜೋತು ಬೀಳಬಾರದು, ಆದರೆ ಕೈಯಲ್ಲಿ ಎಳೆದರೆ ಸರಾಗವಾಗಿ ಸುತ್ತಬೇಕು. ಎಳೆಯಲು ಜೋರು ಬೇಕಾದರೆ ಜಾಸ್ತಿ ಬಿಗಿಯಾಗಿದೆ. ಕಾದಾಗ ಚೈನ್ ಹಿಗ್ಗಿ ಸಡಿಲವಾಗುತ್ತದೆ, ಆಗ ಬಿಗಿ ಮಾಡುತ್ತೇವೆ. ಕೆಲಸ ಮುಗಿದ ಮೇಲೆ ಮತ್ತೆ ಸಡಿಲ ಮಾಡುವುದು ಮರೆಯುತ್ತೇವೆ. ತಣ್ಣಗಾಗಿ ಕುಗ್ಗಿದ ಚೈನ್ ಬಾರನ್ನೂ ಎಂಜಿನ್ನಿನ ತಿರುಗುವ ದಂಡದ, ಅಂದರೆ ಕ್ರಾಂಕಿನ, ಬೇರಿಂಗನ್ನೂ ರಾತ್ರಿಯಿಡೀ ಎಳೆದು ಹಿಡಿದಿರುತ್ತದೆ.

## ಹಂತ 3: ಬ್ರೇಕ್ ಮತ್ತು ಕ್ಲಚ್

ಬಾರ್ ತೆಗೆಯುವಾಗ ಪಕ್ಕದ ಮುಚ್ಚಳ ಬಿಚ್ಚಿರುತ್ತೀರಿ, ಇಲ್ಲದಿದ್ದರೆ ಈಗ ಬಿಚ್ಚಿ. ಒಳಗೆ ಮೆತ್ತಿಕೊಂಡ ಎಣ್ಣೆ ಪುಡಿಯನ್ನು ಕೆರೆದು ತೆಗೆಯಿರಿ. ಮಳೆಗಾಲದಲ್ಲಿ ಇದು ಸಗಣಿ ಸಾರಿಸಿದಂತೆ ಗಟ್ಟಿಯಾಗಿ ಕೂತಿರುತ್ತದೆ.

ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ ಕ್ಲಚ್ ಡ್ರಮ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಉಜ್ಜಿದ ಸದ್ದು ಬಂದರೆ ಬ್ರೇಕ್ ಪಟ್ಟಿ ಪೂರ್ತಿ ಬಿಡುತ್ತಿಲ್ಲ. ಡ್ರಮ್ ನೀಲಿಯಾಗಿದ್ದರೆ ಕ್ಲಚ್ ಜಾರುತ್ತಿದೆ. ಆಕ್ಸಲರೇಟರ್ ಬಿಟ್ಟಾಗಲೂ ಚೈನ್ ಸುತ್ತುತ್ತಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ, ಇಲ್ಲವೇ ಐಡಲ್ (ಆಕ್ಸಲರೇಟರ್ ಬಿಟ್ಟಾಗಿನ ಎಂಜಿನ್ ವೇಗ) ಜಾಸ್ತಿಯಾಗಿದೆ. ಹಾಗೆ ಸುತ್ತುವ ಮಿಷನ್ನನ್ನು ಮರ ಹತ್ತಿಸಬೇಡಿ, ಯಾರ ಕೈಗೂ ಕೊಡಬೇಡಿ.

ಬ್ರೇಕ್ ಹಾಕಿದ್ದನ್ನು ಮರೆತು ಆಕ್ಸಲರೇಟರ್ ಕೊಟ್ಟರೆ ಕೆಲವೇ ಸೆಕೆಂಡಿನಲ್ಲಿ ಹೊಗೆ ಬರುತ್ತದೆ. ಹೊಸಬರ ಕೈಯಲ್ಲಿ ಕ್ಲಚ್ ಸುಡುವುದು ಹೆಚ್ಚಾಗಿ ಹೀಗೇ.

## ಹಂತ 4: ಗಾಳಿಯ ದಾರಿ

ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ. ಸ್ಟಾರ್ಟರ್ ಪಕ್ಕದ ಫ್ಲೈವೀಲ್‌ಗೆ ರೆಕ್ಕೆಗಳಿವೆ. ಅವು ಮುಚ್ಚಳದ ಸಂದಿನಿಂದ ಗಾಳಿ ಎಳೆದು ಸಿಲಿಂಡರಿನ ತೆಳ್ಳನೆಯ ಏಣುಗಳ ಮೇಲೆ ಬೀಸುತ್ತವೆ. ತಣ್ಣಗಾಗುವ ವ್ಯವಸ್ಥೆ ಅಂದರೆ ಇಷ್ಟೇ.

ಸ್ಟಾರ್ಟರ್ ಮುಚ್ಚಳ ಬಿಚ್ಚಿ. ಮುಚ್ಚಳದ ಸಂದುಗಳು, ಫ್ಲೈವೀಲ್ ರೆಕ್ಕೆಗಳು, ಆಮೇಲೆ ಮೇಲಿನ ಮುಚ್ಚಳ ತೆಗೆದು ಸಿಲಿಂಡರಿನ ಏಣುಗಳು, ಎಲ್ಲವನ್ನೂ ಬ್ರಶ್ ಮತ್ತು ಬಿದಿರು ಕಡ್ಡಿಯಿಂದ ಬಿಡಿಸಿ. ಕಬ್ಬಿಣದ ಮೊಳೆ ಬೇಡ. ಏಣುಗಳ ಬುಡದ ತನಕ ಬೆಳಕು ಕಾಣಬೇಕು. ಸೈಲೆನ್ಸರ್ ಪಕ್ಕದ ಏಣುಗಳನ್ನು ಮರೆಯಬೇಡಿ. ಅತಿ ಹೆಚ್ಚು ಕಾಯುವುದೂ ಅದೇ, ಕೈ ಹೋಗದ್ದೂ ಅದೇ. ಕಂಪ್ರೆಸರ್ ಗಾಳಿ ಬಳಸುವುದಾದರೆ ಕಾರ್ಬೊರೇಟರ್ ಬಾಯಿಗೆ ಬಟ್ಟೆ ಕಟ್ಟಿ, ದೂರದಿಂದ ಊದಿ.

ಫ್ಲೈವೀಲ್‌ನ ಒಂದೆರಡು ರೆಕ್ಕೆ ಮುರಿದಿದ್ದರೆ ಗಾಳಿ ಕಡಿಮೆಯಾಗುವುದು ಮಾತ್ರವಲ್ಲ, ತೂಕ ತಪ್ಪಿ ಮಿಷನ್ ನಡುಗಲು ಶುರುವಾಗುತ್ತದೆ. ಬದಲಾಯಿಸಬೇಕು.

"ಮೇಲಿನ ಕವರ್ ತೆಗೆದೇ ಓಡಿಸ್ತೀನಿ, ಗಾಳಿಯಾಡಲಿ" ಅನ್ನುವವರಿದ್ದಾರೆ. ಆಗುವುದು ಉಲ್ಟಾ. ಗಾಳಿಯನ್ನು ಸಿಲಿಂಡರಿನ ಮೇಲೇ ಹಾಯಿಸುವುದು ಆ ಕವರ್. ಅದಿಲ್ಲದಿದ್ದರೆ ಗಾಳಿ ಎಲ್ಲೋ ಚದುರಿ ಹೋಗುತ್ತದೆ. ಮುರಿದ ಕವರಿಗೂ ಇದೇ ಮಾತು.

ಏರ್ ಫಿಲ್ಟರ್ ಕೂಡ ಈಗಲೇ ತೊಳೆದುಬಿಡಿ. ಸೋಪು ನೀರಿನಲ್ಲಿ ತೊಳೆಯಬಹುದಾದ ಬಗೆಯಾದರೆ ತೊಳೆದು ಪೂರ್ತಿ ಒಣಗಿಸಿ. ಫಿಲ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಪಾಲು ಜಾಸ್ತಿಯಾಗಿ ಕಪ್ಪು ಹೊಗೆ, ಮಸಿ ಮತ್ತು ಶಕ್ತಿ ಕಡಿಮೆ. ನೇರವಾಗಿ ಕಾಯಿಸುವುದು ಅದಲ್ಲ. ಆದರೆ ಕೊಳಕು ಫಿಲ್ಟರ್ ಇಟ್ಟುಕೊಂಡು ಸ್ಕ್ರೂ ಹೊಂದಿಸಿದರೆ, ಫಿಲ್ಟರ್ ತೊಳೆದ ದಿನವೇ ಪೆಟ್ರೋಲ್ ಪಾಲು ಕಡಿಮೆ ಬೀಳುತ್ತದೆ. ಹರಿದ ಫಿಲ್ಟರ್ ಇದ್ದರೆ ಎಸೆಯಿರಿ. ಮರದ ಪುಡಿ, ಧೂಳು ಒಳಗೆ ಹೋಗಿ ಪಿಸ್ಟನ್ ತಿನ್ನುತ್ತದೆ.

## ಹಂತ 5: ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿ

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಪಿಸ್ಟನ್ ಆಗಲೇ ಗೀಚಿ ಹೋಗಿದ್ದರೆ ಮುಂದಿನ ಯಾವ ಕೆಲಸವೂ ಉಪಯೋಗಕ್ಕೆ ಬರುವುದಿಲ್ಲ.

ಸೈಲೆನ್ಸರ್ ಎರಡು ಮೂರು ಬೋಲ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಹಲವು ಮಿಷನ್‌ಗಳಲ್ಲಿ ಹೊಗೆ ಹೊರಬರುವ ಬಾಯಿಗೆ ಕಿಡಿ ತಡೆಯುವ ಸಣ್ಣ ಜಾಲರಿ ಇರುತ್ತದೆ. ಅದು ಮಸಿಯಿಂದ ಮುಚ್ಚಿದ್ದರೆ ಸುಟ್ಟ ಬಿಸಿ ಗಾಳಿ ಒಳಗೇ ಉಳಿಯುತ್ತದೆ. ಜಾಲರಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ವಾಪಸ್ ಹಾಕಿ. ಒಣ ತರಗಿನ ಮೇಲೆ ಕೆಲಸ ಮಾಡುವವರು ಅದನ್ನು ಕಿತ್ತೆಸೆಯಬಾರದು. ಬೇಸಿಗೆಯಲ್ಲಿ ಒಂದು ಕಿಡಿ ಸಾಕು ತೋಟಕ್ಕೆ. ಸೈಲೆನ್ಸರಿಗೆ ಡ್ರಿಲ್ ಮಾಡಿ ತೂತು ದೊಡ್ಡದು ಮಾಡುವ ಉಪಾಯವೂ ಬೇಡ. ಹೊಗೆ ಸಲೀಸಾಗಿ ಹೋದ ಮೇಲೆ ಕಾರ್ಬೊರೇಟರ್ ಹಳೇ ಹೊಂದಿಕೆಯಲ್ಲೇ ಉಳಿದರೆ ಪೆಟ್ರೋಲ್ ಸಾಲದೆ ಇನ್ನೂ ಕಾಯುತ್ತದೆ.

ಮಳೆಗಾಲ ಕಳೆದು ಮಿಷನ್ ಹೊರತೆಗೆದಿದ್ದರೆ ಒಳಗೆ ಇಣುಕಿ ನೋಡಿ. ಕುಂಬಾರ ಹುಳಕ್ಕೆ ಸೈಲೆನ್ಸರ್ ಬಾಯಿ ಅಂದರೆ ತುಂಬಾ ಇಷ್ಟ. ಮಣ್ಣು ಮೆತ್ತಿ ಮನೆ ಕಟ್ಟಿರುತ್ತದೆ.

ಈಗ ಸಿಲಿಂಡರಿನ ತೂತಿನೊಳಗೆ ಟಾರ್ಚ್ ಬಿಡಿ. ಸ್ಟಾರ್ಟರ್ ಹಗ್ಗವನ್ನು ನಿಧಾನ ಎಳೆದು ಪಿಸ್ಟನ್ ಮೇಲೆ ಕೆಳಗೆ ಮಾಡಿ. ಪಿಸ್ಟನ್ನಿನ ಪಕ್ಕ ನುಣ್ಣಗೆ, ತಯಾರಿಸಿದಾಗಿನ ಸಣ್ಣ ಅಡ್ಡ ಗೆರೆಗಳು ಕಾಣುವಂತೆ ಇದ್ದರೆ ನಿಮ್ಮ ಪುಣ್ಯ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಗೀರು ಬಿದ್ದಿದ್ದರೆ ಕಾದು ಕಚ್ಚಿದೆ. ಪಿಸ್ಟನ್, ರಿಂಗ್, ಬಹುಶಃ ಸಿಲಿಂಡರೂ ಹೊಸದು ಬೇಕು. ಗೀರು ಸೈಲೆನ್ಸರ್ ಪಕ್ಕದಲ್ಲಿ ಮಾತ್ರ ಇದ್ದರೆ ಬಿಸಿ ಅಥವಾ ಆಯಿಲ್ ಕೊರತೆ. ಕಾರ್ಬೊರೇಟರ್ ಪಕ್ಕದಲ್ಲಿದ್ದರೆ ಧೂಳು. ಎರಡೂ ಕಡೆ ಸುತ್ತಲೂ ಇದ್ದರೆ ಆಯಿಲ್ ಇಲ್ಲದ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದಾರೆ ಅಂತ ಮೊದಲ ಅನುಮಾನ.

ತೂತಿನ ಬಾಯಲ್ಲಿ ಕಟ್ಟಿದ ಮಸಿಯನ್ನು ಕೆರೆಯುವಾಗ ಪಿಸ್ಟನ್ ತೂತನ್ನು ಪೂರ್ತಿ ಮುಚ್ಚಿರುವ ಹಾಗೆ ನಿಲ್ಲಿಸಿ, ಬಿದಿರು ಕಡ್ಡಿಯಲ್ಲಿ ಮಾತ್ರ ಕೆರೆಯಿರಿ. ಚೂರುಗಳನ್ನು ಊದಿ ತೆಗೆದ ಮೇಲೆ ಹಗ್ಗ ಎಳೆಯಿರಿ.

ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ನೋಡಲು ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿ ಹಿಡಿದು ಮಿಷನ್ನನ್ನು ನೆಲದಿಂದ ಸ್ವಲ್ಪ ಮೇಲಕ್ಕೆ ಜೋತು ಬಿಡಿ. ತಡೆದು ತಡೆದು ಇಳಿದರೆ ಕಂಪ್ರೆಶನ್ ಇದೆ. ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿದರೆ ಇಲ್ಲ. ಕಂಪ್ರೆಶನ್ ಸುಲಭ ಮಾಡುವ ಗುಂಡಿ ಇರುವ ಮಿಷನ್‌ಗಳಲ್ಲಿ ಅದನ್ನು ಒತ್ತಿರಬಾರದು.

ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ, ತುದಿಯಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ಎಂಜಿನ್ ಪೆಟ್ರೋಲ್ ಸಾಲದೆ ಕಾಯುತ್ತಿದೆ. ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಕೈಗೆ ಸಿಕ್ಕಿದ ಬೈಕಿನ ಪ್ಲಗ್ ಹಾಕಿದ್ದರೆ ತೆಗೆದು, ಕೈಪಿಡಿಯಲ್ಲಿ ಹೇಳಿದ ನಂಬರಿನದ್ದೇ ಹಾಕಿ. ಅಂತರ ಹೆಚ್ಚಿನ ಚೈನ್ ಸಾಗಳಲ್ಲಿ 0.5 ಮಿ.ಮೀ.

## ಹಂತ 6: ಪೆಟ್ರೋಲ್ ಮತ್ತು ಟೂಟಿ ಆಯಿಲ್

ಸ್ವಲ್ಪ ನಿಧಾನಿಸಿ ಓದಿ. ನಾನು ಕಂಡ ಸೀಜ್ ಆದ ಮಿಷನ್‌ಗಳಲ್ಲಿ ಬಹುಪಾಲು ಇಲ್ಲಿಯೇ ಕೆಟ್ಟದ್ದು. ನನ್ನದೂ ಸೇರಿ.

ಚೈನ್ ಸಾದ್ದು ಟೂ ಸ್ಟ್ರೋಕ್ ಎಂಜಿನ್, ಅದಕ್ಕೆ ಬೇರೆ ಆಯಿಲ್ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂಟಿ (2T) ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಎಣ್ಣೆ. 50ಕ್ಕೆ 1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. 25ಕ್ಕೆ 1 ಅಂದರೆ 40 ಮಿ.ಲೀ. ನಿಮ್ಮ ಮಿಷನ್ನಿಗೆ ಯಾವುದು ಅಂತ ಕೈಪಿಡಿಯಲ್ಲಿ ಅಥವಾ ಟ್ಯಾಂಕಿನ ಹತ್ತಿರದ ಚೀಟಿಯಲ್ಲಿ ಇರುತ್ತದೆ. ಒಳ್ಳೇ ಕಂಪನಿಯ ಮಿಷನ್‌ಗೆ ಅವರದೇ ಆಯಿಲ್ ಹಾಕಿದರೆ ಸಾಮಾನ್ಯವಾಗಿ 50ಕ್ಕೆ 1. ಪೇಟೆಯಲ್ಲಿ ಸಿಗುವ ಹೆಸರಿಲ್ಲದ 58 ಸಿಸಿ ಮಿಷನ್‌ಗಳಿಗೆ ಸಾಮಾನ್ಯವಾಗಿ 25ಕ್ಕೆ 1 ಹೇಳಿರುತ್ತಾರೆ. ಅಳತೆಗೆ ಸಿರಿಂಜ್ ಬಳಸಿ. "ಒಂದು ಮುಚ್ಚಳ" ಅನ್ನುವ ಲೆಕ್ಕ ಬೇಡ. ಯಾವ ಬಾಟಲಿಯ ಮುಚ್ಚಳ ಅಂತ ಯಾರಿಗೂ ನೆನಪಿರುವುದಿಲ್ಲ.

ಡಬ್ಬದ ಮೇಲೆ ಜಾಸೋ ಎಫ್‌ಸಿ ಅಥವಾ ಎಫ್‌ಡಿ (JASO FC, FD, ಆಯಿಲಿನ ಗುಣಮಟ್ಟದ ಗುರುತು) ಅಂತ ಇರುವ ಟೂಟಿ ಆಯಿಲ್ ತನ್ನಿ. ದೋಣಿ ಎಂಜಿನ್ನಿನ ಟೂಟಿ ಆಯಿಲ್ ಬೇಡ. ಅದು ನೀರಿನಿಂದ ತಣ್ಣಗಾಗುವ ಎಂಜಿನ್ನಿಗೆ ಮಾಡಿದ್ದು, ಈ ಬಿಸಿಗೆ ತಡೆಯುವುದಿಲ್ಲ. ಕರಾವಳಿಯ ಗೆಳೆಯರು ಇದನ್ನು ಗಮನಿಸಿ.

"ಕಾಯ್ತಿದೆ, ಇನ್ನೊಂದಿಷ್ಟು ಆಯಿಲ್ ಹಾಕು" ಅನ್ನುವುದು ಎಲ್ಲರೂ ಕೊಡುವ ಸಲಹೆ. ಕಾರ್ಬೊರೇಟರಿನ ತೂತು ಅಷ್ಟೇ ಇದೆ, ಅದರಲ್ಲಿ ಹೋಗುವ ದ್ರವವೂ ಅಷ್ಟೇ. ಆಯಿಲ್ ಪಾಲು ಏರಿದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಜೊತೆಗೆ ಮಸಿ ಜಾಸ್ತಿ. ಹೇಳಿದ ಅಳತೆ ದಾಟಬೇಡಿ.

ಇನ್ನು ಎಥನಾಲ್. ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹಳೇ ಮಿಷನ್‌ಗಳು ಇದಕ್ಕೆ ತಯಾರಾದವಲ್ಲ. ತೊಂದರೆ ಮೂರು. ಎಥನಾಲ್ ಇರುವ ಪೆಟ್ರೋಲಿಗೆ ಅದೇ ಸ್ಕ್ರೂ ಹೊಂದಿಕೆಯಲ್ಲಿ ಪೆಟ್ರೋಲ್ ಪಾಲು ಕಡಿಮೆ ಬಿದ್ದಂತಾಗಿ ಎಂಜಿನ್ ಬಿಸಿಯಾಗಿ ಓಡುತ್ತದೆ. ಹಳೇ ರಬ್ಬರ್ ಪೈಪು, ಕಾರ್ಬೊರೇಟರಿನ ಪೊರೆ (ಡಯಾಫ್ರಮ್) ಕೆಡುತ್ತವೆ. ಮೂರನೆಯದೇ ದೊಡ್ಡದು: ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಜೂನ್, ಜುಲೈ ಗೊತ್ತಲ್ಲ. ನೀರು ಜಾಸ್ತಿಯಾದಾಗ ಎಥನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂರುತ್ತವೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅದು ಹೀರುವುದು ಆಯಿಲ್ ಇಲ್ಲದ ದ್ರವ. ಎರಡು ವರ್ಷದ ಹಿಂದೆ ನನ್ನ ಮಿಷನ್ ಸೀಜ್ ಆದದ್ದು ಹೀಗೆ. ಕ್ಯಾನಿನಲ್ಲಿ ಅಳತೆ ಸರಿಯಾಗಿಯೇ ಇತ್ತು, ಆದರೆ ಬೆರೆಸಿದ್ದು ಮಳೆಗಾಲದ ಆರಂಭದಲ್ಲಿ, ಹಾಕಿದ್ದು ದಸರಾ ಕಳೆದ ಮೇಲೆ.

ಪರೀಕ್ಷೆ ಸುಲಭ. ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಬಣ್ಣದ ಪದರ ಕಂಡರೆ ಕ್ಯಾನಿನಲ್ಲಿರುವುದನ್ನೂ ಬಳಸಬೇಡಿ. ಬೆರೆಸಿದ ಪೆಟ್ರೋಲನ್ನು ಎರಡು ವಾರದೊಳಗೆ ಮುಗಿಸಿ. ಬೇಕಾದಷ್ಟೇ ಬೆರೆಸಿ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ತುಂಬುವ ಮೊದಲು ಪ್ರತಿ ಸಲ ಕುಲುಕಿ. ಮಿಷನ್ನಿನ ಟ್ಯಾಂಕಿಗೆ ಪೆಟ್ರೋಲ್ ಬೇರೆ, ಆಯಿಲ್ ಬೇರೆ ಸುರಿಯುವುದು ಬೆರೆಸಿದ ಹಾಗಲ್ಲ.

## ಹಂತ 7: ಪೆಟ್ರೋಲ್ ಬರುವ ದಾರಿ

ಪೆಟ್ರೋಲ್ ಸರಿಯಿದ್ದರೂ ಎಂಜಿನ್ನಿಗೆ ಸಾಕಷ್ಟು ತಲುಪದಿದ್ದರೆ ಕಾಯುತ್ತದೆ. ಟ್ಯಾಂಕಿನಿಂದ ಹಿಡಿದು ಮುಂದಕ್ಕೆ ನೋಡುತ್ತಾ ಬನ್ನಿ.

ತಂತಿಯ ತುದಿಯನ್ನು ಕೊಕ್ಕೆ ಮಾಡಿ ಟ್ಯಾಂಕಿನ ಬಾಯಿಂದ ಫಿಲ್ಟರ್ ಹೊರಗೆಳೆಯಿರಿ. ಪೈಪನ್ನು ಜಗ್ಗಬೇಡಿ. ಫಿಲ್ಟರ್ ಕಂದಾಗಿ ಗಟ್ಟಿಯಾಗಿದ್ದರೆ ತೊಳೆಯುವ ಕಷ್ಟ ಬೇಡ, ಹೊಸದು ಹಾಕಿ. ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಅಂಟಂಟಾಗಿದ್ದರೆ ಅಥವಾ ಬಿರುಕು ಕಂಡರೆ ಅದೂ ಬದಲು.

ಆಮೇಲೆ ಟ್ಯಾಂಕಿನ ಉಸಿರು ತೂತು. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ತೂತು ಮುಚ್ಚಿದ್ದರೆ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುತ್ತದೆ. ಜನ ಇದನ್ನು "ಕಾದು ಆಫ್ ಆಗುವುದು" ಅಂದುಕೊಳ್ಳುತ್ತಾರೆ. ನಿಂತಾಗ ಸ್ವಲ್ಪ ಕಾದು, ಮಿಷನ್ ತಣಿದ ಮೇಲೆ ಮುಚ್ಚಳ ನಿಧಾನ ಸಡಿಲಿಸಿ. ಸ್‌ಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಚೆನ್ನಾಗಿ ಓಡಿದರೆ ಕಳ್ಳ ಸಿಕ್ಕಿದ.

ಕಾರ್ಬೊರೇಟರಿನೊಳಗೆ, ಒಂದೇ ಸ್ಕ್ರೂ ಇರುವ ಮುಚ್ಚಳದ ಕೆಳಗೆ, ಬಹಳಷ್ಟು ಮಿಷನ್‌ಗಳಲ್ಲಿ ಉಗುರಿಗಿಂತ ಸಣ್ಣ ಜಾಲರಿ ಇರುತ್ತದೆ. ಅದು ಕಟ್ಟಿದ್ದರೂ ಇದೇ ತೊಂದರೆ. ಒಳಗಿನ ಪೊರೆಗಳು ಮೆತ್ತಗೆ ಇರಬೇಕು. ಹಪ್ಪಳದ ಹಾಗೆ ಚಟಪಟ ಅಂದರೆ ರಿಪೇರಿ ಕಿಟ್ ತಂದು ಎಲ್ಲವನ್ನೂ ಬದಲಿಸಿ. ಬಿಚ್ಚುವಾಗ ಪ್ರತಿ ಪದರದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಗ್ಯಾಸ್ಕೆಟ್ ಮತ್ತು ಪೊರೆ ಹಿಂದುಮುಂದಾದರೆ ಮಿಷನ್ ಚಾಲೂ ಆಗುವುದೇ ಇಲ್ಲ.

## ಹಂತ 8: ಕಳ್ಳಗಾಳಿ

ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವೆ ರಬ್ಬರ್ ಕೊಳವೆ ಇದೆ. ಕ್ರಾಂಕಿನ ಎರಡು ತುದಿಯಲ್ಲಿ ಸೀಲ್‌ಗಳಿವೆ. ಇವು ಬಿರಿದರೆ ಕಾರ್ಬೊರೇಟರಿನ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ.

ಗುರುತು ಹೀಗಿರುತ್ತದೆ: ಐಡಲ್ ಒಂದೇ ಸಮ ನಿಲ್ಲುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಆಕ್ಸಲರೇಟರ್ ಬಿಟ್ಟರೂ ಸದ್ದು ತಕ್ಷಣ ಇಳಿಯದೆ ಮೇಲೇ ತೇಲುತ್ತದೆ. ಮಿಷನ್ನನ್ನು ಪಕ್ಕಕ್ಕೆ ವಾಲಿಸಿದಾಗ ವೇಗ ಬದಲಾಗುತ್ತದೆ. ಇವುಗಳಲ್ಲಿ ಎರಡು ಕಂಡರೂ ಅಲ್ಲೇ ನಿಲ್ಲಿಸಿ. ಸ್ಕ್ರೂ ತಿರುಗಿಸಿ ಇದನ್ನು ಮುಚ್ಚಿಹಾಕಬಹುದು, ವಾಸಿ ಮಾಡಲಾಗದು.

ರಬ್ಬರ್ ಕೊಳವೆಯನ್ನು ಬಿಚ್ಚಿ, ಬಗ್ಗಿಸಿ, ಬೆಳಕಿಗೆ ಹಿಡಿದು ನೀವೇ ನೋಡಬಹುದು. ಮಡಿಕೆಯ ಬುಡದಲ್ಲಿ ಬಿರುಕು ಅಡಗಿರುತ್ತದೆ. ಕಾರ್ಬೊರೇಟರ್ ನಟ್ಟುಗಳು, ಸಿಲಿಂಡರ್ ಬುಡದ ಬೋಲ್ಟುಗಳು ಸಡಿಲವಿದ್ದರೆ ಬಿಗಿ ಮಾಡಿ. ಸೀಲ್ ಪರೀಕ್ಷೆಗೆ ಎಂಜಿನ್ನಿನ ಎಲ್ಲ ಬಾಯಿ ಮುಚ್ಚಿ ಸಣ್ಣ ಒತ್ತಡದ ಗಾಳಿ ಹಾಕಿ ಹಿಡಿದು ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ಓಡುವ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಪದ್ಧತಿ ಇದೆ. ಕಾದ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ನಾನಂತೂ ಅದನ್ನು ಮಾಡುವುದಿಲ್ಲ.

## ಹಂತ 9: ಈಗ ಸ್ಕ್ರೂ

ಚೊಕ್ಕ ಫಿಲ್ಟರ್, ಹೊಸ ಪೆಟ್ರೋಲ್, ಹರಿತ ಚೈನ್ ಇದೆ ಅಂತಾದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಕಾರ್ಬೊರೇಟರಿನ ಸ್ಕ್ರೂ ಮೂರು: ಎಲ್ (L) ಅಂದರೆ ಕಡಿಮೆ ವೇಗದ್ದು, ಎಚ್ (H) ಅಂದರೆ ಪೂರ್ತಿ ವೇಗದ್ದು, ಮೂರನೆಯದು ಐಡಲ್. ಎಲ್ ಮತ್ತು ಎಚ್ ಎರಡನ್ನೂ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ವಿರುದ್ಧ ದಿಕ್ಕಿಗೆ ಜಾಸ್ತಿ. ಮುಟ್ಟುವ ಮೊದಲು ಒಂದು ಕೆಲಸ: ಸ್ಕ್ರೂ ಪೂರ್ತಿ ಒಳಗೆ ಕೂರುವ ತನಕ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ತಳ ಸಿಕ್ಕಿದ ಮೇಲೆ ಬಿಗಿ ಮಾಡಬೇಡಿ, ಸೂಜಿಯ ತುದಿ ಹಾಳಾಗುತ್ತದೆ. ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಬಿಚ್ಚಿ ಅಲ್ಲಿಂದ ಶುರು ಮಾಡಿ. ಬಹಳಷ್ಟು ಮಿಷನ್‌ಗಳಿಗೆ ಅದು ಒಂದು ಸುತ್ತಿನ ಆಸುಪಾಸು.

ಮಿಷನ್ ಎರಡು ಮೂರು ನಿಮಿಷ ಓಡಿ ಬೆಚ್ಚಗಾಗಲಿ. ಮೊದಲು ಎಲ್ ಹೊಂದಿಸಿ: ಆಕ್ಸಲರೇಟರ್ ಒತ್ತಿದರೆ ಮುಗ್ಗರಿಸದೆ ಏರಬೇಕು. ಆಮೇಲೆ ಐಡಲ್: ಚೈನ್ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು.

ಎಚ್ ಹೊಂದಿಸುವುದು ಕಿವಿಯ ಕೆಲಸ. ಖಾಲಿ ಮಿಷನ್ನಿಗೆ ಪೂರ್ತಿ ಆಕ್ಸಲರೇಟರ್ ಕೊಟ್ಟಾಗ ಸದ್ದು ಸ್ವಲ್ಪ ಗರಗರ, ತೊದಲಿದ ಹಾಗೆ ಇರಬೇಕು. ಮರಕ್ಕೆ ಇಟ್ಟ ಕೂಡಲೇ ತೊದಲು ಹೋಗಿ ಸದ್ದು ನೇರವಾಗಬೇಕು. ಖಾಲಿ ಓಡುವಾಗಲೇ ಸೊಳ್ಳೆಯ ಹಾಗೆ ಕೀಚಲಾಗಿ ಏರುತ್ತಿದ್ದರೆ ಪೆಟ್ರೋಲ್ ಸಾಲದು, ಎಂಟನೇ ಒಂದು ಸುತ್ತು ಬಿಚ್ಚಿ. ಮರದೊಳಗೂ ತೊದಲುತ್ತಿದ್ದರೆ ಅಷ್ಟೇ ಬಿಗಿ ಮಾಡಿ. ಪೂರ್ತಿ ಆಕ್ಸಲರೇಟರನ್ನು ಖಾಲಿಯಲ್ಲಿ ಕೆಲವೇ ಸೆಕೆಂಡ್ ಹಿಡಿಯಿರಿ. ಅನುಮಾನ ಬಂದರೆ ಸ್ವಲ್ಪ ಬಿಚ್ಚಿದ ಕಡೆಗೇ ಬಿಡಿ. ಸ್ವಲ್ಪ ಹೊಗೆ, ಸ್ವಲ್ಪ ಪೆಟ್ರೋಲ್ ಹೋಗಬಹುದು, ಪಿಸ್ಟನ್ ಉಳಿಯುತ್ತದೆ. ಬಿಗಿ ಮಾಡಿದಾಗ ಮಿಷನ್ ಚುರುಕಾದಂತೆ ಅನಿಸುತ್ತದೆ. ಆ ಚುರುಕು ನಾಲ್ಕು ದಿನದ್ದು.

ಚಿಕ್ಕಮಗಳೂರಿನ ಎತ್ತರದ ತೋಟದಲ್ಲಿ ಹೊಂದಿಸಿದ ಮಿಷನ್ನನ್ನು ಘಟ್ಟದ ಕೆಳಗೆ ಒಯ್ದರೆ ಎಚ್ ಮತ್ತೆ ನೋಡಬೇಕು. ಕೆಳಗೆ ಗಾಳಿ ದಟ್ಟ, ಅಷ್ಟೇ ಪೆಟ್ರೋಲ್ ಸಾಲುವುದಿಲ್ಲ.

## ಹಂತ 10: ಇಷ್ಟಾದರೂ ಕಾದು ನಿಂತರೆ

ಇನ್ನು ಉಳಿದ ಅನುಮಾನ ಇಗ್ನಿಶನ್ ಕಾಯಿಲ್. ಹಳೇ ಕಾಯಿಲ್ ತಣ್ಣಗಿದ್ದಾಗ ಕಿಡಿ ಕೊಡುತ್ತದೆ, ಕಾದಾಗ ಕೊಡುವುದಿಲ್ಲ. ಮಿಷನ್ ನಿಂತ ಕೂಡಲೇ ನೋಡಬೇಕು, ತಣಿದ ಮೇಲೆ ನೋಡಿದರೆ ಕಿಡಿ ಬಂದೇ ಬರುತ್ತದೆ. ಮಿಷನ್ನಿನ ಪ್ಲಗ್ ಬಿಚ್ಚಬೇಡಿ, ತೂತಿನಿಂದ ಪೆಟ್ರೋಲ್ ಆವಿ ಬಂದು ಕಿಡಿಗೆ ಹತ್ತಿಕೊಳ್ಳಬಹುದು. ಕ್ಯಾಪನ್ನು ಮಾತ್ರ ಕಿತ್ತು, ಜೇಬಿನಲ್ಲಿರುವ ಇನ್ನೊಂದು ಪ್ಲಗ್ಗಿಗೆ ಸಿಕ್ಕಿಸಿ. ಅದರ ಲೋಹವನ್ನು ಸಿಲಿಂಡರಿಗೆ ತಾಗಿಸಿ, ಕೈಗವಸು ಹಾಕಿ, ಟ್ಯಾಂಕಿನ ಬಾಯಿಂದ ದೂರ ಹಿಡಿದು ಹಗ್ಗ ಎಳೆಯಿಸಿ. ಕಿಡಿ ಇಲ್ಲದಿದ್ದರೆ ಕಾಯಿಲ್ ಬದಲಿಸಿ. ಕಿಡಿ ಇದ್ದರೆ ಹಂತ 7ಕ್ಕೆ ಹಿಂತಿರುಗಿ ಉಸಿರು ತೂತನ್ನು ಇನ್ನೊಮ್ಮೆ ನೋಡಿ.

## ಸರಿಯಾದ ಮೇಲೆ ಮೊದಲ ದಿನ

ದೊಡ್ಡ ದಿಮ್ಮಿಗೆ ನೇರ ಇಳಿಸಬೇಡಿ. ಅರ್ಧ ಟ್ಯಾಂಕ್ ಸಿಲ್ವರ್ ಓಕ್ ಕೊಂಬೆಗಳನ್ನು ಕೊಯ್ದು ನಿಲ್ಲಿಸಿ, ತಣಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬೆಳ್ಳಗಿದ್ದರೆ ಎಚ್ ಇನ್ನೂ ಸ್ವಲ್ಪ ಬಿಚ್ಚಬೇಕು. ದಪ್ಪ ಮರ ಕೊಯ್ದ ಕೂಡಲೇ ಸ್ವಿಚ್ ಆಫ್ ಮಾಡಬೇಡಿ. ಅರ್ಧ ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಫ್ಲೈವೀಲ್ ಗಾಳಿ ಬೀಸಿ ತಣಿಸಲಿ. ಪೆಟ್ರೋಲ್ ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ದೂರ ಹೋಗಿ ಚಾಲೂ ಮಾಡಿ. ಬಿಸಿ ಮಿಷನ್ನನ್ನು ಒಣ ತರಗಿನ ಮೇಲೆ ಇಡಬೇಡಿ, ಬೊಡ್ಡೆಯ ಮೇಲಿಡಿ.

ಪಿಸ್ಟನ್ನಿನಲ್ಲಿ ಗೀರು ಕಂಡವರು, ಸೀಲ್ ಹೋಗಿರುವವರು ಮೆಕ್ಯಾನಿಕ್ ಹತ್ತಿರ ಹೋಗುವಾಗ ಬರೆದಿಟ್ಟುಕೊಂಡ ಸ್ಕ್ರೂ ಸುತ್ತಿನ ಲೆಕ್ಕ, ಹಳೇ ಪ್ಲಗ್, ಗಾಜಿನ ಬಾಟಲಿಯ ಪೆಟ್ರೋಲ್ ಮೂರನ್ನೂ ಜೊತೆಗೆ ಒಯ್ಯಿರಿ. ಪಿಸ್ಟನ್ ಹೊಸದು ಹಾಕಿಸುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ಅವರಿಂದ ಕೇಳಿ ತಿಳಿದುಕೊಳ್ಳಿ. ಕಾರಣ ಹುಡುಕದೆ ಹಾಕಿಸಿದ ಹೊಸ ಪಿಸ್ಟನ್ ಮುಂದಿನ ಮರಗಸಿಯ ತನಕವೂ ಬರುವುದಿಲ್ಲ.